ಸಮುದ್ರದ ಪೈಪಿಗೊಂದು ತೂತು

"ಅಲ್ಲಾಡಿಸ್ಬೇಡ ಬೇಟಾ, ಪೈಪ್ ಗಟ್ಟಿಯಾಗಿ ಹಿಡ್ಕೋ," ಎಂದರು ಅಬ್ಬಾ. ಅವರ ತಲೆ ಮತ್ತು ಎರಡು ತೋಳು ದೊಡ್ಡ ಗಾಜಿನ ತೊಟ್ಟಿಯೊಳಗಿದ್ದವು. ಹೊರಗೆ ಉಳಿದದ್ದು ಲುಂಗಿ, ಕಾಲು ಮಾತ್ರ.

ಆತಿಕಾ ಉಸಿರು ಬಿಗಿಹಿಡಿದು ನಿಂತಿದ್ದಳು. ಅಂಟು ಒಣಗುವವರೆಗೆ ಕೈ ಕದಲಬಾರದು. ಸರಿಯಾಗಿ ಆಗಲೇ ಅವಳ ಮೂಗು ತುರಿಸತೊಡಗಿತು. ಮೂಗಿಗೆ ಯಾವತ್ತೂ ಹೊತ್ತುಗೊತ್ತು ತಿಳಿಯುವುದಿಲ್ಲ.

ಆತಿಕಾಳ ಅಬ್ಬಾ ಜಾಫರ್ ಅವರಿಗೆ ಶಿವಾಜಿನಗರದಲ್ಲಿ ಪೈಪಿನ ಅಂಗಡಿ ಇದೆ. 'ಜಾಫರ್ ಹಾಕಿದ ಪೈಪ್ ಸೋರಲ್ಲ' ಅಂತ ಬೋರ್ಡಿನಲ್ಲೇನೂ ಬರೆದಿಲ್ಲ, ಆದರೆ ಗಿರಾಕಿಗಳಿಗೆಲ್ಲ ಅದು ಬಾಯಿಪಾಠ. ಮನೆಯಲ್ಲಿ ಅವರೆಲ್ಲ ಆಡುವುದು ದಖ್ಖನಿ ಉರ್ದು. ನಾವು ಕನ್ನಡದಲ್ಲೇ ಕೇಳಿಸಿಕೊಳ್ಳೋಣ, ಅವರೇನೂ ಬೇಜಾರು ಮಾಡಿಕೊಳ್ಳುವವರಲ್ಲ.

ಎಷ್ಟೋ ಮನೆಗಳಿಗೆ ನೀರು ಹರಿಸಿದ ಅಬ್ಬಾಗೆ ತಮ್ಮ ಮನೆಯಲ್ಲಿ ಒಂದು ಪುಟ್ಟ ಸಮುದ್ರ ಇರಬೇಕೆಂದು ಆಸೆ. ಹಿಂದೆ ಕುಕ್ ಟೌನಿನ ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಅಲ್ಲಿ ಉಪ್ಪುನೀರಿನ ಅಕ್ವೇರಿಯಂ ನೋಡಿದ್ದರು. ನೀಲಿ ಬೆಳಕು, ಕಲ್ಲಿನ ಮೇಲೆ ಮೆಲ್ಲಗೆ ತೂಗಾಡುವ ಹವಳ. ನೋಡುತ್ತಾ ಕೂತು ಹಲ್ಲುನೋವೇ ಮರೆತುಹೋಗಿ, ಒಳಗೆ ಹೋದಾಗ ಡಾಕ್ಟರಿಗೆ ಬೇರೆ ಹಲ್ಲು ತೋರಿಸಿದರಂತೆ. ಆಮೇಲೆ ನೋವಿಲ್ಲದಿದ್ದರೂ ಎರಡು ಸಲ ಹೋಗಿ ಕೂತು ಬಂದರು.

ಈಗ ಅಮ್ಮಿ ಮದುವೆಗೆಂದು ಕೋಲಾರಕ್ಕೆ ಹೋಗಿದ್ದರು. ಮನೆಯಲ್ಲಿ ಉಳಿದವರು ಅಬ್ಬಾನ ತಾಯಿ, ಗುಲ್ಷನ್ ದಾದಿ. ಪುಲಿಕೇಶಿನಗರದ ಆ ಹಳೇ ಮನೆಯ ಮಹಡಿಯಲ್ಲಿ ದಾದಿ ಹೇಳಿದ್ದೇ ಕಾನೂನು.

"ನೋಡು ಜಾಫರ್," ದಾದಿ ಮೊದಲೇ ಹೇಳಿದ್ದರು, "ಈ ಕೆಂಪು ನೆಲ ನಾನು ಒರೆಸಿ ಒರೆಸಿ ಹೊಳೆಸಿರೋದು. ಇಲ್ಲಿ ನೀರು ಚೆಲ್ತೋ, ಆ ಪೆಟ್ಟಿಗೆ ಬಂದ ದಾರೀಲೇ ವಾಪಸ್."

"ಚೆಲ್ಲಲ್ಲ ಅಮ್ಮಾ. ಮಾತು ಕೊಡ್ತೀನಿ," ಎಂದಿದ್ದರು ಅಬ್ಬಾ.

ಸೋರುವುದೆಂದರೆ ದಾದಿಗೆ ಆಗದು. ನಲ್ಲಿ ತೊಟ್ಟಿಕ್ಕಿದರೆ ಮನೆಯ ಬರ್ಕತ್, ಅಂದರೆ ದೇವರು ಕೊಟ್ಟ ಸಮೃದ್ಧಿ, ಅದರ ಜೊತೆಗೇ ಸೋರಿಹೋಗುತ್ತದೆ ಎಂದು ಅವರ ನಂಬಿಕೆ. ಊಟಕ್ಕೆ ಕೂತಿದ್ದರೂ ಎದ್ದು ಹೋಗಿ ನಲ್ಲಿ ಬಿಗಿಮಾಡಿ ಬರುತ್ತಾರೆ.

"ಈಗ ಬಿಡು," ಎಂದು ಅಬ್ಬಾ ತೊಟ್ಟಿಯಿಂದ ತಲೆ ಹೊರಗೆ ತೆಗೆದರು. ಆತಿಕಾ ಮೊದಲು ಮೂಗು ತುರಿಸಿಕೊಂಡಳು.

"ನೋಡು, ಮೇಲಿನ ನೀರು ಆ ಪೈಪಲ್ಲಿ ತಾನಾಗೇ ಕೆಳಗಿಳಿಯತ್ತೆ. ಕೆಳಗಡೆ ಸ್ಟ್ಯಾಂಡ್ ಒಳಗೆ ಇನ್ನೊಂದು ಚಿಕ್ಕ ತೊಟ್ಟಿ ಇದೆಯಲ್ಲ, ಅಲ್ಲಿ ಕ್ಲೀನ್ ಆಗತ್ತೆ. ಆಮೇಲೆ ಪಂಪ್ ಅದನ್ನ ನೀನು ಹಿಡ್ಕೊಂಡಿದ್ದ ಈ ಪೈಪಲ್ಲಿ ಮತ್ತೆ ಮೇಲಕ್ಕೆ ತಳ್ಳತ್ತೆ."

"ಸುತ್ತುತ್ತಾನೇ ಇರತ್ತಾ?"

"ಸುತ್ತುತ್ತಾನೇ ಇರ್ಬೇಕು. ನಿಂತುಬಿಟ್ರೆ ಅದು ಸಮುದ್ರ ಅಲ್ಲ, ಬಕೆಟ್ಟು."

ಅಬ್ಬಾ ನೀರಿನ ಕ್ಯಾನುಗಳನ್ನು ತರಲು ಕೆಳಗೆ ಹೋದರು. ಆತಿಕಾ ತಾನು ಹಿಡಿದಿದ್ದ ಪೈಪನ್ನೇ ಪ್ರೀತಿಯಿಂದ ನೋಡುತ್ತಾ ನಿಂತಳು. ಆಗ ಅದು ಕಣ್ಣಿಗೆ ಬಿತ್ತು. ಪೈಪಿನ ಹಿಂಬದಿಯಲ್ಲಿ, ಮೇಲ್ಗಡೆ, ಒಂದು ಸಣ್ಣ ತೂತು.

ಅಬ್ಬಾನ ಡ್ರಿಲ್ ಜಾರಿರಬೇಕು. ಪಾಪ, ಅವರು ಗಮನಿಸಿಯೇ ಇಲ್ಲ. ನೀರು ಬಿಟ್ಟ ಕೂಡಲೇ ಅಲ್ಲಿಂದ ಚಿಮ್ಮುತ್ತದೆ, ದಾದಿ ನೋಡುತ್ತಾರೆ. ಪೈಪಿನ ಅಂಗಡಿಯವರ ಮನೆಯಲ್ಲೇ ತೂತಿನ ಪೈಪ್!

ಹೇಳಿದರೆ ಅಬ್ಬಾಗೆ ನಾಚಿಕೆಯಾಗುತ್ತದೆ. ಹೇಳದೆ ಸರಿಮಾಡಿಬಿಡುವುದೇ ವಾಸಿ. ಟೂಲ್ಸ್ ಡಬ್ಬಿಯಲ್ಲಿ ಎಂ-ಸೀಲ್ ಇತ್ತು. ಅಂಗಡಿಯ ಮಗಳಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಎರಡೂ ಬಣ್ಣದ ಹಿಟ್ಟನ್ನು ಒಂದೇ ಬಣ್ಣ ಆಗುವವರೆಗೆ ನಾದಿ, ತೂತಿನ ಮೇಲಿಟ್ಟು, ಹೆಬ್ಬೆರಳಿನಿಂದ ಒತ್ತಿದಳು. ಅವಳಿಗೆ ತನ್ನ ಬಗ್ಗೆ ತುಂಬಾ ಹೆಮ್ಮೆಯಾಯಿತು.

ಉಪ್ಪು ಕದಡಿ, ನೀರು ತುಂಬಿ, ಕಲ್ಲು ಜೋಡಿಸುವಷ್ಟರಲ್ಲಿ ಸಂಜೆಯಾಯಿತು. ಸೂರಿನ ಕೊಂಡಿಯಿಂದ ಅಬ್ಬಾ ಉದ್ದನೆಯ ಲೈಟು ತೂಗುಹಾಕಿದರು. ಅದರ ವೈರು ಪ್ಲಗ್ಗಿಗಿಂತ ಕೆಳಗೆ ಜೋತಾಡುತ್ತಿತ್ತು.

"ವೈರ್ ಎಳೆದು ಕಟ್ಲಾ ಅಬ್ಬಾ? ಜೋಲು ಬಿದ್ದಿದೆ."

"ಬೇಡ, ಬೇಕಂತಲೇ ಬಿಟ್ಟಿದ್ದೀನಿ. ವೈರ್ ಮೇಲೆ ನೀರು ಇಳಿದ್ರೂ ಆ ಜೋಲಿನ ತುದೀಲಿ ತೊಟ್ಟಿಕ್ಕಿ ಬಿದ್ದುಹೋಗತ್ತೆ, ಪ್ಲಗ್ಗಿಗೆ ಹೋಗಲ್ಲ."

ಬೇಕಂತಲೇ. ಆತಿಕಾ ಪೈಪಿನ ಹಿಂಬದಿಗೆ ಒಮ್ಮೆ ಇಣುಕಿದಳು.

ಅಬ್ಬಾ ಪಂಪ್ ಹಾಕಿದರು. ನೀರು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸುತ್ತತೊಡಗಿತು. "ಈಗ ಒಂದ್ಸಲ ಕರೆಂಟ್ ತೆಗೆದು ಟೆಸ್ಟ್ ಮಾಡ್ಬೇಕು," ಎಂದರು.

"ಮೊದ್ಲು ಲೈಟ್ ಅಬ್ಬಾ, ಪ್ಲೀಸ್."

ಅಬ್ಬಾಗೂ ಅದೇ ಬೇಕಿತ್ತು. ಟೆಸ್ಟ್ ಆಮೇಲೆ ಮಾಡಿದರಾಯಿತು ಎಂದು ಸ್ವಿಚ್ ಒತ್ತಿದರು.

ಇಡೀ ಹಾಲ್ ನೀಲಿಯಾಯಿತು. ನೀರಿನ ಅಲೆಗಳ ನೆರಳು ಸೂರಿನ ಮೇಲೆ, ಗೋಡೆಯ ಕ್ಯಾಲೆಂಡರ್ ಮೇಲೆ, ದಾದಿಯ ಬಿಳಿ ದುಪಟ್ಟಾದ ಮೇಲೆ ಓಡಾಡತೊಡಗಿತು. ಮೀನು ಬರುವುದಕ್ಕೆ ಇನ್ನೂ ತಿಂಗಳು ಬೇಕು, ಆದರೂ ಮೀನುಗಳು ಇವೆ ಅನಿಸಿತು. ಆತಿಕಾ ನೆಲದ ಮೇಲೆ ಅಂಗಾತ ಮಲಗಿದಳು. ಬೀದಿಯ ಆಟೋ ಸದ್ದು, ಪಕ್ಕದ ಮನೆಯ ಕುಕ್ಕರಿನ ಸೀಟಿ, ಎಲ್ಲವೂ ಬಹಳ ಮೇಲಿನಿಂದ ಕೇಳುವಂತಿತ್ತು. ತಾನು ಸಮುದ್ರದ ತಳದಲ್ಲಿದ್ದೇನೆ, ಮೇಲೆ ಎಲ್ಲೋ ಊರು ತೇಲುತ್ತಿದೆ ಎಂದುಕೊಂಡಳು. ಪಕ್ಕದಲ್ಲಿ ಅಬ್ಬಾ ಕೂಡ ಮಲಗಿದ್ದರು. ಅವರು ಇಷ್ಟು ಸಂತೋಷವಾಗಿದ್ದುದನ್ನು ಅವಳು ನೋಡಿಯೇ ಇರಲಿಲ್ಲ.

ಮಸೀದಿಯಿಂದ ಮುಸ್ಸಂಜೆಯ ಮಗ್ರಿಬ್ ಆಜಾನ್ ಕೇಳಿಸಿತು. ಇಬ್ಬರೂ ಎದ್ದು ಕೂತರು. ದಾದಿ ಮೂಲೆಯಲ್ಲಿ ಜಾನಮಾಜ್ ಹಾಸಿ ನಮಾಜಿಗೆ ನಿಂತರು. ಅವರ ಮೇಲೂ ಅಲೆಗಳು ಓಡಾಡುತ್ತಿದ್ದವು.

ಪಟ್ಟೆಂದು ಕರೆಂಟ್ ಹೋಯಿತು.

ಪಂಪ್ ನಿಂತಿತು. ಆದರೆ ನೀರಿನ ಸದ್ದು ನಿಲ್ಲಲಿಲ್ಲ. ಕತ್ತಲಲ್ಲಿ ಗುಳುಗುಳು ಎಂದು ಇಳಿಯುತ್ತಲೇ ಇತ್ತು, ಆಮೇಲೆ ನೆಲದ ಮೇಲೆ ಹರಿಯುವ ಸದ್ದಾಯಿತು. ಅಬ್ಬಾ ಫೋನಿನ ಟಾರ್ಚ್ ಹಾಕಿದರು. ಕೆಳಗಿನ ಚಿಕ್ಕ ತೊಟ್ಟಿ ತುಂಬಿ ಉಕ್ಕುತ್ತಿತ್ತು. ನೀರು ನೇರವಾಗಿ ದಾದಿಯ ಕಡೆಗೆ ಹೊರಟಿತ್ತು.

ದಾದಿ ನಮಾಜ್ ಬಿಡಲಿಲ್ಲ. ಮೊಣಕಾಲು ಒದ್ದೆಯಾಯಿತು, ದುಪಟ್ಟಾದ ಅಂಚು ಒದ್ದೆಯಾಯಿತು. ಪೂರ್ತಿ ಮುಗಿಸಿ, ಬಲಕ್ಕೆ ತಿರುಗಿ ಸಲಾಂ ಹೇಳಿ, ಎಡಕ್ಕೆ ತಿರುಗಿ ಸಲಾಂ ಹೇಳಿ, ಆಮೇಲೆ ಮಗನ ಕಡೆ ತಿರುಗಿದರು.

ಅಷ್ಟರಲ್ಲಿ ಅಬ್ಬಾ ಮೇನ್ ಸ್ವಿಚ್ ಆರಿಸಿ ಬಂದು, ಪೈಪಿನ ಮೇಲಿನ ಜಾಯಿಂಟ್ ಸಡಿಲ ಮಾಡಿದ್ದರು. ಸುರ್ ಎಂದು ಗಾಳಿ ಒಳಗೆ ಹೋಯಿತು. ನೀರು ನಿಂತಿತು. "ಪಂಪ್ ನಿಂತ್ರೆ ಇದೇ ಪೈಪಲ್ಲಿ ನೀರು ವಾಪಸ್ ಇಳಿಯತ್ತೆ, ಸರಿ. ಆದ್ರೆ ತೂತು ಇತ್ತಲ್ಲ, ಗಾಳಿ ಎಳ್ಕೊಂಡು ಯಾಕೆ ನಿಲ್ಲಿಸ್ಲಿಲ್ಲ?" ಎಂದು ಗೊಣಗುತ್ತಾ ಪೈಪಿನ ಹಿಂದೆ ಕೈಯಾಡಿಸಿದರು. ಬೆರಳು ಒಂದು ಕಡೆ ನಿಂತಿತು. ಟಾರ್ಚ್ ಹಿಡಿದು ನೋಡಿದರು. ಗಟ್ಟಿಯಾದ ಎಂ-ಸೀಲ್, ಅದರ ಮೇಲೆ ಚಿಕ್ಕ ಹೆಬ್ಬೆರಳಿನ ಗುರುತು.

ಅಬ್ಬಾ ಆತಿಕಾಳ ಕಡೆ ನೋಡಿದರು. ಆತಿಕಾ ನೆಲ ನೋಡಿದಳು. ತೂತನ್ನೂ ಅಬ್ಬಾ ಬೇಕಂತಲೇ ಬಿಟ್ಟಿದ್ದರು.

"ಜಾಫರ್ ಭಾಯ್," ಬಾಗಿಲಲ್ಲಿ ಕೆಳಗಿನ ಮನೆಯ ನಾಣಿ ಅಂಕಲ್ ನಿಂತಿದ್ದರು. "ಏನ್ರೀ ಇದು, ಮೆಟ್ಟಿಲ ಮೇಲೆ ನೀರು ಇಳೀತಿದೆ. ರುಚಿ ನೋಡಿದೆ, ಉಪ್ಪು. ಪೈಪ್ ಅಂಗಡಿಯವರ ಮನೇಲೇ ಹಿಂಗಾದ್ರೆ ನಮ್ಮಂಥವರ ಗತಿ ಏನು?"

ಅಬ್ಬಾ ಆ ಗುರುತಿನ ಮೇಲೆ ಅಂಗೈ ಮುಚ್ಚಿದರು. "ನಂದೇ ತಪ್ಪು ಸರ್. ಟೆಸ್ಟ್ ಮಾಡ್ದೇನೇ ಬಿಟ್ಬಿಟ್ಟೆ. ಮೆಟ್ಟಿಲು ನಾನೇ ಒರೆಸಿಕೊಡ್ತೀನಿ."

ನಾಣಿ ಅಂಕಲ್ ತಲೆಯಾಡಿಸುತ್ತಾ ಇಳಿದುಹೋದರು.

ಮೇಣದಬತ್ತಿಯ ಬೆಳಕಿನಲ್ಲಿ ಮೂವರೂ ನೆಲ ಒರೆಸಿದರು. ದಾದಿ ಬಟ್ಟೆ ಹಿಂಡುತ್ತಾ, "ಮಾತು ಅಂದ್ರೆ ಮಾತು," ಎಂದರು.

"ಹೌದಮ್ಮಾ. ನಾಳೆ ಬಿಚ್ಚಿಬಿಡ್ತೀನಿ." ಅಬ್ಬಾ ಒಂದೂ ಕಾರಣ ಹೇಳಲಿಲ್ಲ. ಸ್ಟೂಲ್ ಹತ್ತಿ ಲೈಟಿನ ವೈರನ್ನು ಸುತ್ತತೊಡಗಿದರು.

ಆತಿಕಾಗೆ ಅದನ್ನು ನೋಡಲು ಆಗಲಿಲ್ಲ. "ದಾದಿ, ನಾನು ಮುಚ್ಚಿದ್ದು," ಎಂದಳು. ಆಮೇಲೆ ಅಳು ಬಂತು. ಅಳುತ್ತಲೇ ಎಲ್ಲ ಹೇಳಿದಳು.

ದಾದಿ ಕೇಳಿಸಿಕೊಂಡರು. "ಯಾಕೆ ಮುಚ್ಚಿದೆ?"

"ನೀವು ನೋಡ್ತೀರಿ ಅಂತ. ಅಬ್ಬಾಗೆ ಅವಮಾನ ಆಗತ್ತೆ ಅಂತ."

"ನಿಮ್ಮ ಅಬ್ಬಾಗೆ ಗೊತ್ತಾ, ನೀನೇ ಅಂತ?"

"ಗೊತ್ತು."

ದಾದಿ ಬಟ್ಟೆ ಕೆಳಗಿಟ್ಟು ಸ್ಟೂಲ್ ಮೇಲಿದ್ದ ಮಗನನ್ನು ನೋಡಿದರು. "ಕರೆಂಟ್ ಬರಲಿ. ಆ ತೂತು ಮತ್ತೆ ಮಾಡು ಜಾಫರ್. ನಾನು ನೋಡ್ಬೇಕು," ಎಂದರು.

ಬೀದಿದೀಪ ಹೊತ್ತಿತು, ಕರೆಂಟ್ ಬಂದಿತ್ತು. ಅಬ್ಬಾ ಮೇನ್ ಸ್ವಿಚ್ ಹಾಕಿ, ಅದೇ ಜಾಗದಲ್ಲಿ ಡ್ರಿಲ್ ಮಾಡಿ, ಪುಡಿ ಬಾಚಿ, ಜಾಯಿಂಟ್ ಬಿಗಿಮಾಡಿ, ಪಂಪ್ ಹಾಕಿದರು. ತೂತಿನಿಂದ ದಾರದಂಥ ನೀರು ತೊಟ್ಟಿಯೊಳಕ್ಕೇ ಚಿಮ್ಮಿತು. ದಾದಿ ಹುಬ್ಬು ಗಂಟಿಕ್ಕಿದರು.

"ಈಗ ಆರಿಸು."

ಪಂಪ್ ನಿಂತಿತು. ಮೇಲಿನ ನೀರು ಅದೇ ಪೈಪಲ್ಲಿ ಮೆಲ್ಲಗೆ ವಾಪಸ್ ಇಳಿಯತೊಡಗಿತು. ಕೆಳಗಿನ ತೊಟ್ಟಿಯಲ್ಲಿ ನೀರು ಏರಿತು, ಇನ್ನೂ ಏರಿತು. ಆತಿಕಾ ಅಬ್ಬಾನ ಅಂಗಿ ಹಿಡಿದುಕೊಂಡಳು. ಮೇಲೆ ನೀರು ತೂತಿನ ಮಟ್ಟಕ್ಕೆ ಇಳಿಯಿತು. ತೂತು ಸುರ್ ಎಂದು ಗಾಳಿ ಎಳೆದುಕೊಂಡಿತು. ಕೆಳಗೆ, ಅಂಚಿಗೆ ಬೆರಳಷ್ಟು ಬಾಕಿ ಇರುವಾಗ ನೀರು ನಿಂತುಬಿಟ್ಟಿತು. ಒಂದು ಹನಿಯೂ ಆಚೆ ಬರಲಿಲ್ಲ.

ದಾದಿ ಬಗ್ಗಿ ನೆಲ ಸವರಿ ನೋಡಿದರು. ಒಣಗಿತ್ತು.

"ಇನ್ನೊಂದ್ಸಲ ಮಾಡು," ಎಂದರು.

ಇನ್ನೊಂದು ಸಲ, ಮತ್ತೊಂದು ಸಲವೂ ಆಯಿತು. "ಈಗ ಆ ನೀಲಿ ಲೈಟ್ ಹಾಕು," ಎಂದು ದಾದಿ ತಸ್ಬಿ ಮಣಿಸರ ಹಿಡಿದು ಕುರ್ಚಿಯಲ್ಲಿ ಕೂತರು. ಪೆಟ್ಟಿಗೆ ವಾಪಸ್ ಹೋಗುವ ಮಾತು ಎತ್ತಲಿಲ್ಲ. ಅಬ್ಬಾ ಸುತ್ತಿದ್ದ ವೈರು ಬಿಚ್ಚಿ ಸ್ವಿಚ್ ಒತ್ತಿದರು. ಅಲೆಗಳು ಮತ್ತೆ ಗೋಡೆಯ ಮೇಲೆ ಬಂದವು.

ಅಬ್ಬಾ ಬಕೆಟ್, ಬಟ್ಟೆ ತೆಗೆದುಕೊಂಡು ಮೆಟ್ಟಿಲು ಒರೆಸಲು ಹೊರಟರು. ಆತಿಕಾ ಅವರ ಕೈಯಿಂದ ಬಟ್ಟೆ ತೆಗೆದುಕೊಂಡಳು.

"ನೀವು ಲೈಟ್ ನೋಡ್ತಾ ಇರಿ ಅಬ್ಬಾ. ಬಂದ್ಬಿಡ್ತೀನಿ."

ಮೇಲಿನಿಂದ ಒಂದೊಂದೇ ಮೆಟ್ಟಿಲು ಒರೆಸುತ್ತಾ ಇಳಿದಳು. ಕೊನೆಯ ಮೆಟ್ಟಿಲು ಮುಗಿದಾಗ ಕೈಯನ್ನು ಫ್ರಾಕಿಗೆ ಒರೆಸಿಕೊಂಡು, ನಾಣಿ ಅಂಕಲ್ ಮನೆಯ ಬೆಲ್ ಒತ್ತಿದಳು.

ಬಾಗಿಲು ತೆರೆಯಿತು.

"ಅಂಕಲ್," ಎಂದಳು ಆತಿಕಾ, "ನಮ್ಮ ಅಬ್ಬಾ ಪೈಪ್ ಸರಿಯಾಗೇ ಹಾಕಿದ್ರು."