ಬೇವು ಕಟ್ಟಿದ ಮನೆಯ ಒಗ್ಗರಣೆ

ಅವನ ಮುಖದಲ್ಲಿ ಭಾಗ್ಯಜ್ಯೋತಿಗೆ ಗೊತ್ತಿದ್ದದ್ದು ಎರಡು ಕಣ್ಣು ಮಾತ್ರ.

ಉತ್ತರಹಳ್ಳಿಯ ಹಳೇ ಊರಿನ ಬೀದಿಯಲ್ಲಿ ಮುನಿರಾಜುವಿನ ಹಿಟ್ಟಿನ ಮಿಲ್ಲಿತ್ತು. ಧೂಳು ಮೂಗಿಗೆ ಹೋಗದಿರಲೆಂದು ಅವನು ಬೆಳಿಗ್ಗೆಯಿಂದ ಸಂಜೆಯವರೆಗೆ ಮುಖಕ್ಕೊಂದು ಟವೆಲ್ ಸುತ್ತಿರುತ್ತಿದ್ದ. ಟವೆಲಿನ ಮೇಲೆ ಆ ಎರಡು ಕಣ್ಣು. ರೆಪ್ಪೆಯ ತುದಿಗೆ ಹಿಟ್ಟು ಕೂತು ಬೆಳ್ಳಗಾಗಿರುತ್ತಿತ್ತು. ಅವನು ರೆಪ್ಪೆ ಬಡಿದರೆ ಒಂದಿಷ್ಟು ಹಿಟ್ಟು ಉದುರಬಹುದೇನೋ ಎಂದು ಅವಳು ಕಾಯುತ್ತಿದ್ದಳು. ಉದುರುವಷ್ಟರಲ್ಲಿ ಅವನು ಇತ್ತ ನೋಡಿಬಿಡುತ್ತಿದ್ದ. ಅವಳು ತಕ್ಷಣ ತಕ್ಕಡಿ ನೋಡುತ್ತಿದ್ದಳು.

ಗದಗಿನ ಕಡೆಯಿಂದ ಬಂದು ಬಾಡಿಗೆಗಿದ್ದವರು ಅವಳು ಮತ್ತು ಅವಳ ಅವ್ವ ರೇಣವ್ವ, ಇಬ್ಬರೇ. ಬಿಟಿಎಂ ಲೇಔಟಿನ ಒಂದು ಮೆಸ್ಸಿಗೆ ರೇಣವ್ವ ಜೋಳದ ರೊಟ್ಟಿ ತಟ್ಟಿ ಕಳಿಸುತ್ತಿದ್ದಳು. ಭಾಗ್ಯಜ್ಯೋತಿ ಡಿಗ್ರಿ ಮುಗಿಸಿ ಬನಶಂಕರಿಯ ಒಂದು ಸ್ಕೂಲಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಅಲ್ಲಿ ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ. ಅವಳಿಗೂ ಅದೇ ಹಿತವಾಗಿತ್ತು. ಜೋಳದ ಡಬ್ಬ ಹೊತ್ತು ಮಿಲ್ಲಿಗೆ ಹೋಗುವ ದಿನ ಮಾತ್ರ, ಯಾರಾದರೂ ಮಾತಾಡಿಸಬಾರದೇ ಅನ್ನಿಸುತ್ತಿತ್ತು.

ಗೋಧಿ ಬೀಸಿದ ಕಲ್ಲಿಗೆ ಹಾಗೇ ಜೋಳ ಸುರಿದರೆ ಹಿಟ್ಟು ಬೆರೆತು ರೊಟ್ಟಿ ತಟ್ಟಲು ಬರುವುದಿಲ್ಲ. ಹಾಗಾಗಿ ಅವಳ ಸರದಿ ಬಂದಾಗ ಮುನಿರಾಜು ಮಿಷನ್ ನಿಲ್ಲಿಸಿ, ಕಲ್ಲು ಬಿಚ್ಚಿ, ಗುಡಿಸಿ ಒರೆಸುತ್ತಿದ್ದ. ಹಿಂದೆ ನಿಂತವರು ಗೊಣಗುತ್ತಿದ್ದರು. ಒಮ್ಮೆ ಒಬ್ಬಾಕೆ, ನಮ್ಮ ರಾಗಿಗಿಲ್ಲದ ಮರ್ಯಾದೆ ಈ ಜೋಳಕ್ಕೇನು ಅಂತ ಕೇಳಿಯೇಬಿಟ್ಟಳು.

"ರೊಟ್ಟಿ ಹರಿದ್ರೆ ಇವರಮ್ಮ ಬಂದು ನನ್ನನ್ನೇ ತಟ್ತಾರೆ ಆಂಟಿ," ಎಂದ ಅವನು.

ಭಾಗ್ಯಜ್ಯೋತಿಗೆ ನಗು ಬಂತು. ದುಪಟ್ಟದ ತುದಿಯನ್ನು ಬಾಯಿಗೆ ಒತ್ತಿ ಹಿಡಿದಳು. ಟವೆಲಿನ ಮೇಲಿನ ಕಣ್ಣು ಕಿರಿದಾದವು. ಅವನು ನಕ್ಕನೇ? ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಅದನ್ನೇ ಯೋಚಿಸಿದಳು.

ಆ ವರ್ಷ ಆಗಸ್ಟಿನಲ್ಲಿ ಹಂದಿಜ್ವರ ಬಂತು.

ಮೊದಲು ಅದು ಟೀವಿಯಲ್ಲಿತ್ತು, ಪುಣೆಯಲ್ಲಿತ್ತು. ಆಮೇಲೆ ಪಕ್ಕದ ಕ್ರಾಸಿಗೇ ಬಂತು. ಅಲ್ಲಿ ಒಬ್ಬನಿಗೆ ಜ್ವರ ಬಂದು ಆಂಬುಲೆನ್ಸ್ ಕರೆದೊಯ್ದ ದಿನ, ಓನರು ಅವನ ಹಾಸಿಗೆಯನ್ನು ಮೋರಿಯ ಪಕ್ಕ ಎಸೆದು ಸೀಮೆಎಣ್ಣೆ ಸುರಿದು ಸುಟ್ಟ. ಆ ಹೊಗೆ ಭಾಗ್ಯಜ್ಯೋತಿಯ ಕಿಟಕಿಯವರೆಗೂ ಬಂತು. ಸ್ಕೂಲುಗಳಿಗೆ ರಜೆ ಕೊಟ್ಟರು. ಮೆಡಿಕಲ್ ಸ್ಟೋರಿನಲ್ಲಿ ಮಾಸ್ಕಿಗೆ ಹೊಡೆದಾಟವಾಯಿತು. ಸಿಗದವರು ಕರ್ಪೂರ, ಏಲಕ್ಕಿಯ ಗಂಟು ಕಟ್ಟಿಕೊಂಡು ಮೂಸುತ್ತ ಬಸ್ಸು ಹತ್ತಿದರು. ಮುಂದಿನ ಮನೆಯಲ್ಲಿದ್ದ ಓನರಮ್ಮ ರುದ್ರಮ್ಮ ಗಿರಿನಗರದ ಮಗಳ ಮನೆಗೆ ಹೊರಟಳು. ದಿನಾ ಬೆಳಿಗ್ಗೆ ಬಂದು ದೇವರಿಗೆ ದೀಪ ಹಚ್ಚಿ ಹೋಗುತ್ತೇನೆ ಅಂದಳು. ಹೊರಡುವ ಮುಂಚೆ ಹಿಂದಿನ ರೂಮಿನ ಬಾಗಿಲಿಗೆ ಬಂದು, ನಿಮ್ಮಲ್ಲಿ ಯಾರಿಗಾದರೂ ಜ್ವರ ಬಂದರೆ ಮುಚ್ಚಿಡಬೇಡಿ, ಆ ದಿನವೇ ರೂಮು ಖಾಲಿ ಮಾಡಿ ಎಂದು ಮೆಲ್ಲಗೇ ಹೇಳಿದಳು. ಮೆಲ್ಲಗೆ ಹೇಳಿದ್ದಕ್ಕೆ ಇನ್ನೂ ಭಯವಾಯಿತು.

ಮಿಲ್ಲಿಗೆ ಹೋದಾಗ ಭಾಗ್ಯಜ್ಯೋತಿಯ ಮುಖದ ಮೇಲೂ ಒಂದು ಹಸಿರು ಮಾಸ್ಕು. ಜನರ ಬದಲು ಡಬ್ಬಗಳಷ್ಟೇ ಸಾಲು ನಿಂತಿದ್ದವು. ಎಲ್ಲರೂ ಇಟ್ಟು ಓಡಿಹೋಗಿದ್ದರು. ಮುನಿರಾಜು ಅವಳನ್ನು ನೋಡಿ ತಲೆ ಓರೆ ಮಾಡಿದ.

"ಈಗ ಸಮ ಆಯ್ತು ನೋಡಿ. ನಿಮಗೂ ಕಣ್ಣಷ್ಟೇ, ನನಗೂ ಕಣ್ಣಷ್ಟೇ."

ಅವಳು ತಕ್ಕಡಿ ನೋಡಿದಳು. ಸಂಜೆ ಬರ್ತೀನ್ರಿ ಎಂದಷ್ಟೇ ಹೇಳಿ, ಜೋಳದ ಡಬ್ಬವನ್ನು ಸಾಲಿನ ಕೊನೆಗಿಟ್ಟು ಬಂದಳು. ಸಂಜೆಗೆ ಯಾವ ದುಪಟ್ಟ ಹಾಕಿಕೊಳ್ಳಲಿ ಎಂದು ಯೋಚಿಸುತ್ತಲೇ ಬಾಗಿಲು ತೆಗೆದಳು.

ರೇಣವ್ವ ನೆಲದ ಮೇಲೆ ಮುದುಡಿ ಮಲಗಿದ್ದಳು. ಹಗಲಲ್ಲೇ ಕಂಬಳಿ ಹೊದ್ದಿದ್ದಳು. ಹಣೆ ಮುಟ್ಟಿದ ಕೈಯನ್ನು ಭಾಗ್ಯಜ್ಯೋತಿ ಕಾದ ಹಂಚು ಮುಟ್ಟಿದವಳಂತೆ ಹಿಂದಕ್ಕೆಳೆದುಕೊಂಡಳು.

ಆ ಸಂಜೆ ಅವಳು ಡಬ್ಬ ತರಲು ಹೋಗಲಿಲ್ಲ.

ಜ್ವರದ ಮಾತ್ರೆ ಕೊಟ್ಟಳು. ಇಳಿದ ಹಾಗೆ ಮಾಡಿ ಮತ್ತೆ ಏರಿತು. ಆಮೇಲೆ ಕೆಮ್ಮು. ಕೆಮ್ಮು ಬಂದಾಗಲೆಲ್ಲ ಭಾಗ್ಯಜ್ಯೋತಿ ರೇಡಿಯೋದ ಸದ್ದು ಏರಿಸುತ್ತಿದ್ದಳು, ಬೀದಿಗೆ ಕೇಳಬಾರದೆಂದು. ರೇಣವ್ವನೇ ಅವಳ ಕೈ ಹಿಡಿದು ಬೇಡಿಕೊಂಡಿದ್ದಳು: "ಯಾರಿಗೂ ಹೇಳಬ್ಯಾಡವಾ. ಆ ಗಾಡ್ಯಾಗ ನನ್ನ ಕಳಸಬ್ಯಾಡ. ಹೋದಾಕಿ ತಿರುಗಿ ಬರಾಂಗಿಲ್ಲ ನಾ."

ಹೇಳಿದರೆ ಅವ್ವನನ್ನು ಒಯ್ಯುತ್ತಾರೆ, ರೂಮೂ ಹೋಗುತ್ತದೆ. ಹೇಳದಿದ್ದರೆ? ಅದರ ಮುಂದೆ ಯೋಚಿಸಲು ಅವಳಿಗೆ ಧೈರ್ಯವಿರಲಿಲ್ಲ. ಬೆಳಗಾದರೆ ರುದ್ರಮ್ಮ ದೀಪ ಹಚ್ಚಲು ಬರುತ್ತಾಳೆ, ಕೆಮ್ಮು ಕೇಳಿಸಿಕೊಳ್ಳುತ್ತಾಳೆ ಎನ್ನುವುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಆಗ ನೆನಪಾದದ್ದು ಬೇವು. ಹಿಂದಿನ ಬೇಸಿಗೆಯಲ್ಲಿ ರುದ್ರಮ್ಮನ ಮೊಮ್ಮಗಳಿಗೆ ಮೈಮೇಲೆ ಗುಳ್ಳೆ ಎದ್ದು ಅಮ್ಮ ಬಂದಿತ್ತು. ಗೇಟಿಗೆ ಬೇವಿನ ಸೊಪ್ಪು ಕಟ್ಟಿದರು. ಬೀದಿಯವರು ಒಬ್ಬರೂ ಒಳಗೆ ಕಾಲಿಡಲಿಲ್ಲ, ಒಬ್ಬರೂ ಅಸಹ್ಯಪಡಲೂ ಇಲ್ಲ. ದೇವರು ಬಂದ ಮನೆಯೆಂದು ಗೇಟಿನಾಚೆಯಿಂದಲೇ ಕೈ ಮುಗಿದು, ಎಳನೀರು ಇಟ್ಟು ಹೋದರು. ಅದೂ ಜ್ವರವೇ, ಇದೂ ಜ್ವರವೇ. ಒಂದಕ್ಕೆ ಬೆಂಕಿ, ಒಂದಕ್ಕೆ ಎಳನೀರು.

ಬೀದಿಯ ಕೊನೆಯ ಮರದಿಂದ ಒಂದು ಕೊಂಬೆ ಮುರಿದು ತಂದಳು. ರೂಮಿಗೆ ಹೋಗುವ ಪಕ್ಕದ ಗೇಟಿಗೆ ಅದನ್ನು ಕಟ್ಟುವಾಗ ಗಂಟು ಬೀಳಲೊಲ್ಲದು. ತಪ್ಪಾಯ್ತು ತಾಯಿ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಬೆಳಿಗ್ಗೆ ರುದ್ರಮ್ಮ ಬಂದವಳು ಬೇವು ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡು, ದೂರದಿಂದಲೇ ಎಲ್ಲ ಶುದ್ಧವಾಗಿ ನೋಡಿಕೋ ಎಂದು ಹೇಳಿ ಹೋದಳು. ಹಾಲಿನವನು ಪ್ಯಾಕೆಟ್ಟನ್ನು ಗೇಟಿನ ಮೇಲಿಟ್ಟ. ಸುಳ್ಳು ನಡೆಯಿತು. ಎಷ್ಟು ಚೆನ್ನಾಗಿ ನಡೆಯಿತೆಂದರೆ, ಯಾರೂ ಬರದ ಆ ಮನೆಯಲ್ಲಿ ಅವ್ವನ ಉಸಿರಿನ ಸದ್ದೊಂದೇ ಉಳಿಯಿತು. ಅದೂ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು.

ಏನೂ ತಿನ್ನದ ರೇಣವ್ವ ಒಂದು ಮಧ್ಯಾಹ್ನ ಕಣ್ಣು ಬಿಟ್ಟು, ಬಾಯೆಲ್ಲ ಕಹಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಸಾರು ಒಂದು ಗುಟುಕು ಬೇಕು ಅಂದಳು. ಅವ್ವ ಬೇಕು ಎಂದು ಕೇಳಿದಳಲ್ಲ ಎಂಬ ಸಂತೋಷದಲ್ಲಿ ಭಾಗ್ಯಜ್ಯೋತಿಗೆ ಬೇರೇನೂ ನೆನಪಾಗಲಿಲ್ಲ. ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿದಳು. ಚುಂಯ್ ಎಂದಿತು. ಒಣಮೆಣಸಿನ ಘಾಟು ಕಿಟಕಿ ದಾಟಿ ಹೋಯಿತು.

ಸೌಟು ಕೆಳಗಿಟ್ಟು ತಿರುಗಿದರೆ ಗೇಟಿನಾಚೆ ಮುನಿರಾಜು ನಿಂತಿದ್ದ. ಮುಖಕ್ಕೆ ಅದೇ ಟವೆಲ್. ಕೈಯಲ್ಲಿ ಅವಳ ಡಬ್ಬ. ಅವನು ಬೇವನ್ನು ನೋಡಿದ, ಕಿಟಕಿಯನ್ನು ನೋಡಿದ, ಆಮೇಲೆ ಅವಳನ್ನು.

ಅವಳು ಮಾಸ್ಕು ಎಳೆದುಕೊಂಡು ಹೊರಗೆ ಬಂದಳು. ಡಬ್ಬ ಅಲ್ಲೇ ಇಡ್ರಿ, ಒಳಗ ಬರಬ್ಯಾಡ್ರಿ, ಅವ್ವಗ ಅಮ್ಮ ಬಂದೈತಿ ಎಂದಳು. ದಿನಾ ಹೇಳಿ ಹೇಳಿ ಆ ಸುಳ್ಳು ಸಲೀಸಾಗಿ ಬಂತು.

ಅವನು ಡಬ್ಬ ಇಡಲಿಲ್ಲ. ದನಿ ತಗ್ಗಿಸಿ ಹೇಳಿದ: "ಅಮ್ಮ ಬಂದಿರೋ ಮನೇಲಿ ಒಗ್ಗರಣೆ ಹಾಕಲ್ಲ, ಭಾಗ್ಯ."

ತನ್ನ ಹೆಸರು ಅವನಿಗೆ ಗೊತ್ತಿದೆಯೆಂದು ಅವಳಿಗೆ ತಿಳಿದದ್ದೇ ಆಗ. ಇಷ್ಟು ದಿನ ಆಸೆಪಟ್ಟಿದ್ದ ಮಾತು ಎಂಥ ಹೊತ್ತಿನಲ್ಲಿ ಬಂತು. ಅವಳೂ ಹಳ್ಳಿಯಲ್ಲೇ ಬೆಳೆದವಳು; ಅಮ್ಮ ಇರುವಷ್ಟು ದಿನ ಹುರಿಯಬಾರದು, ಕರಿಯಬಾರದು, ಘಾಟು ಏಳಬಾರದು ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗೇಟಿನ ಕಂಬಿ ಹಿಡಿದುಕೊಂಡಳು.

"ಜ್ವರಾನಾ?"

ತಲೆಯಾಡಿಸಿದಳು.

"ಉಸಿರು?"

ಕಣ್ಣೀರು ಮಾಸ್ಕಿನೊಳಗೆ ಇಳಿದು ತುಟಿಗೆ ಉಪ್ಪಾಯಿತು. ಯಾರಿಗೂ ಹೇಳಬೇಡಿ ಎಂದು ಬೇಡಿದಳು. ಅವನು ಹೇಳುವುದಿಲ್ಲ ಎಂದ. ಆಮೇಲೆ, ಮಿಲ್ಲಿನ ಲಗೇಜ್ ಆಟೋ ತರುತ್ತೇನೆ, ದೊಡ್ಡಾಸ್ಪತ್ರೆಗೆ ಹೋಗೋಣ ಎಂದ.

"ನಿಮ್ಮ ಮಿಲ್ಲು?" ಅವಳಿಗೆ ಅಷ್ಟು ಹೊಳೆಯಿತು. ಇಡೀ ಊರು ತಿನ್ನುವ ಹಿಟ್ಟು ಇವನ ಕೈಯಲ್ಲಿ ಹಾಯುತ್ತದೆ. ಇವನು ಜ್ವರದವರನ್ನು ಎತ್ತಿದನೆಂದರೆ ಒಂದು ಡಬ್ಬವೂ ಬರುವುದಿಲ್ಲ.

"ಅದು ಆಮೇಲೆ. ಆದ್ರೆ ಒಂದು ಮಾತು. ಬೇವು ಕಟ್ಟಿದವರು ನೀವು. ಬಿಚ್ಚೋದೂ ನೀವೇ."

ಅವನು ಆಟೋ ತರುವಷ್ಟರಲ್ಲಿ, ಬೆಳಿಗ್ಗೆ ಬೀಗ ಹಾಕಲು ಮರೆತಿದ್ದೆನೆಂದು ರುದ್ರಮ್ಮ ವಾಪಸು ಬಂದಿದ್ದಳು. ತರಕಾರಿ ಗಾಡಿಯ ಸದ್ದಿಗೆ ಹೊರಬರುವ ಹಾಗೆ ಆಟೋ ಸದ್ದಿಗೆ ಅಕ್ಕಪಕ್ಕದವರೂ ಬಾಗಿಲಿಗೆ ಬಂದರು. ಇಷ್ಟು ಜನರ ಮುಂದೆ ಭಾಗ್ಯಜ್ಯೋತಿ ಹುಟ್ಟಿದಾಗಿನಿಂದ ಬಾಯಿ ಬಿಟ್ಟವಳಲ್ಲ. ಗೇಟಿನ ಗಂಟಿಗೆ ಕೈ ಹಾಕಿದಳು. ಕಟ್ಟುವಾಗ ಬೀಳದ ಗಂಟು ಬಿಚ್ಚುವಾಗಲೂ ಸತಾಯಿಸಿತು.

"ಅಮ್ಮ ಬಂದಿಲ್ಲರಿ," ಎಂದಳು. ತನ್ನ ದನಿ ತನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. "ಅವ್ವಗ ಜ್ವರ ಐತ್ರಿ. ಕೆಮ್ಮು ಐತಿ. ಅಂಜಿ ಸುಳ್ಳು ಹೇಳಿದ್ನಿ."

ಜನ ಒಂದೇ ಏಟಿಗೆ ಹಿಂದೆ ಸರಿದರು. ರುದ್ರಮ್ಮನ ಕರ್ಪೂರದ ಗಂಟು ಮೂಗಿಗೆ ಹೋಯಿತು.

"ದೇವರ ಹೆಸರಲ್ಲಿ ಆಟ ಆಡಿದ್ಯೇನೇ? ನನ್ನ ಕೈಲಿ ಕೈ ಮುಗಿಸ್ಕೊಂಡ್ಯಲ್ಲೇ."

ಹೌದ್ರಿ ಎಂದಳು ಭಾಗ್ಯಜ್ಯೋತಿ. ಮುನಿರಾಜು ಆಗಲೇ ರೇಣವ್ವನನ್ನು ಕಂಬಳಿ ಸಮೇತ ಎತ್ತಿ ತಂದಿದ್ದ. ಯಾರೋ ಅವನ ಅಪ್ಪ ಮುನಿಯಣ್ಣನಿಗೆ ಹೇಳಿಬರಲು ಓಡಿದರು. ಮುನಿರಾಜು ತಿರುಗಿ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಗಂಟಲಿನಿಂದ ಸ್ಯಾಂಪಲ್ ತೆಗೆದರು. ಇನ್ನೊಂದು ದಿನ ಮನೆಯಲ್ಲಿಟ್ಟಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಅಂದರು. ಈಗ ಕಷ್ಟವಿಲ್ಲ ಎಂದೇನೂ ಅನ್ನಲಿಲ್ಲ. ಜೊತೆಗಿದ್ದ ಅವರಿಬ್ಬರಿಗೂ ಮಾತ್ರೆ ಕೊಟ್ಟರು. ಮುನಿರಾಜುವನ್ನು ಮನೆಗೆ ಕಳಿಸಿ, ಒಂದು ವಾರ ಯಾರನ್ನೂ ಸೇರಬೇಡ ಅಂದರು. ವಾರ್ಡಿನ ಗಾಜಿನ ಬಾಗಿಲ ಈಚೆ ಭಾಗ್ಯಜ್ಯೋತಿ ಬೆಂಚಿನ ಮೇಲೆ ಕೂತಿದ್ದಳು. ರಿಪೋರ್ಟು ಹಂದಿಜ್ವರವೆಂದೇ ಬಂತು. ಒಂದು ಬೆಳಿಗ್ಗೆ ಅವ್ವನ ಪಕ್ಕದ ಮಂಚ ಖಾಲಿಯಾಗಿತ್ತು. ಹಾಸಿಗೆ ಮಡಿಸುತ್ತಿದ್ದ ನರ್ಸು ಅವಳ ಕಣ್ಣು ತಪ್ಪಿಸಿದಳು. ಆ ಹೊತ್ತಿನಲ್ಲಿ ಅವಳಿಗೆ ಫೋನು ಬಂತು. ತಿಂಡಿ ಆಯ್ತಾ ಎಂದು ಕೇಳಿದ ಮುನಿರಾಜು. ಇಲ್ಲ ಅಂದಳು. ನಾನೂ ಮಾಡಿಲ್ಲ, ನೀವು ಮಾಡಿ, ಆಮೇಲೆ ನಾನು ಮಾಡ್ತೀನಿ ಅಂದ. ಅವಳು ಕ್ಯಾಂಟೀನಿಗೆ ಹೋಗಿ ಅಳುತ್ತಲೇ ಎರಡು ಇಡ್ಲಿ ತಿಂದಳು.

ಗೌರಿ ಹಬ್ಬ ಕಳೆದ ಮೇಲೆ ರೇಣವ್ವ ತನ್ನ ಕಾಲ ಮೇಲೆ ನಡೆದು ಮನೆಗೆ ಬಂದಳು. ಹಾಸಿಗೆ ಸುಟ್ಟಿರಲಿಲ್ಲ. ರುದ್ರಮ್ಮ ಬಾಗಿಲಿಗೆಲ್ಲ ಅರಿಶಿನದ ನೀರು ಹಾಕಿಸಿದ್ದಳು. ಮುಖ ತಿರುಗಿಸಿಕೊಂಡೇ ಕೀ ಕೊಟ್ಟಳು. ಖಾಲಿ ಮಾಡಿ ಎಂದು ಮಾತ್ರ ಹೇಳಲಿಲ್ಲ.

ಕೂತು ರೊಟ್ಟಿ ತಟ್ಟುವಷ್ಟು ಬಲ ಬಂದ ದಿನ ರೇಣವ್ವ ಜೋಳದ ಡಬ್ಬವನ್ನು ಮಗಳ ಮುಂದೆ ತಳ್ಳಿದಳು. "ಹೋಗು. ಆ ಹುಡುಗನ ಮಿಲ್ಲಿಗೆ ನಂದ ಮೊದಲನೇ ಡಬ್ಬ ಆಗಲಿ."

ಮಿಲ್ಲಿನ ಸದ್ದು ಬೀದಿಗೆ ಕೇಳುತ್ತಿರಲಿಲ್ಲ. ಡಬ್ಬಗಳು ನಿಲ್ಲುತ್ತಿದ್ದ ಜಾಗ ಬರಿದಾಗಿತ್ತು. ಮುನಿರಾಜು ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ. ಬೀಸಲು ಏನೂ ಇರಲಿಲ್ಲವಾದ್ದರಿಂದ ಧೂಳಿರಲಿಲ್ಲ. ಧೂಳಿಲ್ಲದ್ದರಿಂದ ಟವೆಲ್ ಹೆಗಲ ಮೇಲಿತ್ತು.

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಕೆಳತುಟಿ ಸ್ವಲ್ಪ ದಪ್ಪ. ಮುಂದಿನ ಒಂದು ಹಲ್ಲು ಪಕ್ಕದ್ದರ ಮೇಲೆ ಓರೆಯಾಗಿ ಒರಗಿತ್ತು. ಗದ್ದದಲ್ಲಿ ಚಿಕ್ಕದೊಂದು ಕಲೆ. ಅವಳ ನೋಟಕ್ಕೆ ಅವನು ಗಾಬರಿಯಾಗಿ ಟವೆಲಿಗೆ ಕೈ ಹಾಕಿದ.

"ಇರಲಿ ಬಿಡ್ರಿ," ಎಂದಳು ಅವಳು. ಡಬ್ಬ ಕೆಳಗಿಟ್ಟು, ಕಿವಿಯ ಹಿಂದಿನ ದಾರ ಬಿಡಿಸಿ, ತನ್ನ ಮಾಸ್ಕನ್ನೂ ತೆಗೆದಳು. ಅವನು ನೋಡಿದ. ಈ ಸಲ ಅವಳು ತಕ್ಕಡಿಯ ಕಡೆ ತಿರುಗಲಿಲ್ಲ. ಕೆನ್ನೆ ಸುಟ್ಟರೂ ಹಾಗೇ ನಿಂತಳು.

"ಆವತ್ತು ನಿಮಗ ಅಂಜಿಕಿ ಆಗಲಿಲ್ಲೇನ್ರಿ?"

"ಆಯ್ತು. ನಿಮ್ಮಮ್ಮನ್ನ ಎತ್ತುವಾಗ ಹಲ್ಲು ಕಟಕಟ ಅಂತಿತ್ತು. ಟವೆಲ್ ಇತ್ತಲ್ಲ, ನಿಮಗೆ ಕಾಣಿಸ್ಲಿಲ್ಲ ಅಷ್ಟೇ."

"ಮತ್ತ ಯಾಕ ಬಂದ್ರಿ?"

ಅವನು ಖಾಲಿ ನೆಲವನ್ನು ನೋಡಿದ. "ಸಾಲಿನ ಕೊನೇಲಿ ನಿಮ್ಮ ಡಬ್ಬ ಹಾಗೇ ಇತ್ತು. ದಿನಾ ಬಾಗಿಲು ತೆಗೆದಾಗ ಮೊದಲು ಅದೇ ಕಣ್ಣಿಗೆ ಬೀಳೋದು. ನೀವು ಬರದೇ ಇದ್ರೆ ಈ ಮಿಲ್ಲು ನಡೆಸಿ ಏನ್ ಮಾಡ್ಲಿ ಅನ್ನಿಸ್ತು."

ಹೊರಗೆ ಒಂದು ಬಸ್ಸು ಹೋಯಿತು. ಅದರ ಸದ್ದು ಪೂರ್ತಿ ಆರುವವರೆಗೆ ಅವಳು ಕಾದಳು, ಒಂದು ಅಕ್ಷರವೂ ಅವನಿಗೆ ತಪ್ಪಬಾರದೆಂದು.

"ನಾ ದಿನಾ ಬರ್ತೀನ್ರಿ," ಎಂದಳು. "ಜೋಳ ಇದ್ದರೂ, ಇಲ್ಲದಿದ್ದರೂ."

ಅವನು ಎದ್ದು ಸ್ವಿಚ್ಚು ಒತ್ತಿದ. ನಿಂತು ಹೋಗಿದ್ದ ಕಲ್ಲು ನರಳಿ, ತಿರುಗಿ, ಗುಡುಗಿತು. ಆ ಸದ್ದು ಬೀದಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಬಾಗಿಲ ಹತ್ತಿರ ಕರ್ಪೂರದ ವಾಸನೆ ಬಂತು. ರುದ್ರಮ್ಮ ಮೂಗು ಮುಚ್ಚಿಕೊಂಡು, ಯಾರ ಮುಖವನ್ನೂ ನೋಡದೆ, ರಾಗಿಯ ಡಬ್ಬವೊಂದನ್ನು ಜೋಳದ ಡಬ್ಬದ ಹಿಂದಿಟ್ಟು, ಜೋಳ ಆದ ಮೇಲೆ ಕಲ್ಲು ಒರೆಸಪ್ಪ ಎಂದು ಹೇಳಿ ಹೋದಳು.

ಭಯ ಇನ್ನೂ ಇತ್ತು. ಸಂಜೆಯ ವಾರ್ತೆಯಲ್ಲಿ ಮತ್ತೆ ಯಾವುದೋ ಊರಿನ ಹೆಸರು ಬರುವುದಿತ್ತು. ಭಾಗ್ಯಜ್ಯೋತಿ ಮಾಸ್ಕು ಹಾಕಿಕೊಂಡಳು. ಹಿಟ್ಟು ಹಾರತೊಡಗಿದ್ದರಿಂದ ಮುನಿರಾಜುವೂ ಟವೆಲ್ ಸುತ್ತಿದ. ಮತ್ತೆ ಉಳಿದದ್ದು ಎರಡು ಕಣ್ಣು. ಅವು ಕಿರಿದಾದವು. ಟವೆಲಿನ ಹಿಂದೆ ಆ ಓರೆ ಹಲ್ಲು ಈಗ ನಗುತ್ತಿದೆಯೆಂದು ಅವಳಿಗೆ ಗೊತ್ತಿತ್ತು.