ಗುರುವಾರ ಮೂರು ಗಂಟೆಯ ಅಲಾರಂ

ಅವನ ಸ್ಟೇಷನ್ನಿನಲ್ಲಿ ಇಂಟರ್ನೆಟ್ ಫೈಬರ್ ಪೆಟ್ಟಿಗೆಯ ಬಾಗಿಲು ತೆರೆದರೆ ಅಲ್ಲೊಂದು ದೀಪ ಹೊತ್ತಿ, ಕಂಟ್ರೋಲ್ ರೂಮಿನಲ್ಲಿ ಅವಳ ಸ್ಕ್ರೀನಿಗೆ ಹಳದಿ ಅಲಾರಂ ಬರುತ್ತಿತ್ತು. ಅವಳು ಬಟನ್ ಒತ್ತಿದರೆ ಅರವತ್ತು ಕಿಲೋಮೀಟರ್ ಆಚೆ ಅವನೆದುರಿನ ಆ ದೀಪ ಆರುತ್ತಿತ್ತು. ದಿನಕ್ಕೆ ಎರಡು ಮೂರು ಸಲ ತೆರೆಯುವಂಥದ್ದು ಆ ಪೆಟ್ಟಿಗೆಯಲ್ಲಿ ಏನಿತ್ತು ಮಹಾ? ಪ್ರೀತಿಗೊಂದು ನೆಪ ಬೇಕಲ್ಲ, ಅಷ್ಟೆ. ಅಲಾರಂ ಮೇಡಂ, ಧೂಳು ಒರೆಸ್ತಿದ್ದೆ ಎಂದು ಆ ಫೀಲ್ಡ್ ಇಂಜಿನಿಯರ್ ಫೋನಿನಲ್ಲಿ ಹೇಳುವಾಗ ಅವಳು ತುಟಿ ಕಚ್ಚಿ ನಗು ತಡೆಯುತ್ತಿದ್ದಳು.

ಸೂಪರ್‌ವೈಸರ್‌ಗೆ ಕಣ್ಣಿಲ್ಲವೇ? ಒಂದು ದಿನ ಚೆನ್ನಾಗಿ ಬೈದ. ಅವಳು ಆ ಅಲಾರಂ ಸ್ಕ್ರೀನಿಗೆ ಬಾರದಂತೆ ಮುಚ್ಚಿಟ್ಟಳು. ಮೂರನೆಯ ದಿನವೇ ಮನಸ್ಸು ತಡೆಯದೆ ಮತ್ತೆ ಬರಲು ಬಿಟ್ಟಳು.

ಎಡವಿದ್ದು ಅಲ್ಲೇ. ಆ ಪೆಟ್ಟಿಗೆಯೊಳಗಿನ ಉಪಕರಣಕ್ಕೆ ಕಂಟ್ರೋಲ್ ಕಾರ್ಡುಗಳು ಎರಡು. ಒಂದು ದುಡಿಯುತ್ತದೆ, ಅದು ಕೈಕೊಟ್ಟರೆ ಇರಲಿ ಎಂದು ಇನ್ನೊಂದು ಕಾದಿರುತ್ತದೆ. ಒಂದರಲ್ಲಿ ಬದಲಿಸಿದ್ದನ್ನು ಇನ್ನೊಂದಕ್ಕೂ ಸೇವ್ ಮಾಡಬೇಕು. ಮುಚ್ಚುವಾಗ ಎರಡಕ್ಕೂ ಮಾಡಿದವಳು, ಬಿಡುವಾಗ ಖುಷಿಯಲ್ಲಿ ಮರೆತಳು.

ಬುಧವಾರ ಅವನ ಫೋನ್ ಬಂತು. ದನಿಯಲ್ಲಿ ತಮಾಷೆ ಇರಲಿಲ್ಲ. ತಾಯಿಯಂತೆ ಸಾಕಿದ ಅಕ್ಕ ಹುಡುಗಿ ನೋಡಿದ್ದಾಳೆ, ಭಾನುವಾರ ಮಾತು ಕೊಡಬೇಕು ಎಂದ.

“ನಾಳೆ ಮೂರು ಗಂಟೆಗೆ ಬಾಗಿಲು ತೆಗೀತೀನಿ. ನಿಮ್ಮ ಮನಸ್ಸಲ್ಲಿ ನಾನಿದ್ರೆ ದೀಪ ಆರಿಸಿ, ಅಕ್ಕನಿಗೆ ನಾನು ಹೇಳ್ಕೋತೀನಿ. ಇಲ್ಲ ಅಂದ್ರೆ ಸುಮ್ಮನಿದ್ದುಬಿಡಿ. ಕಾರಣ ಕೇಳಲ್ಲ.”

ಗುರುವಾರ ಅವಳು ಊಟಕ್ಕೂ ಏಳಲಿಲ್ಲ. ಮೂರಾಯಿತು, ನಾಲ್ಕಾಯಿತು, ಅಲಾರಂ ಬರಲಿಲ್ಲ. ಅಕ್ಕನ ಮಾತು ಮೀರಲಾರದೆ ಮನಸ್ಸು ಬದಲಿಸಿದನೇನೋ ಅಂದುಕೊಂಡಳು. ತಾನಾಗಿ ಫೋನ್ ಮಾಡಲು ಹಾಳು ಸ್ವಾಭಿಮಾನ ಅಡ್ಡ ಬಂತು.

ಹದಿನೈದು ದಿನ ಕಳೆದವು. ಅವನಿಗೆ ವರ್ಗವಾಗಿತ್ತು. ಸ್ಟೇಷನ್ ಒಪ್ಪಿಸಲು ಕಂಟ್ರೋಲ್ ರೂಮಿಗೆ ಬರುತ್ತಾನೆಂದು ಅವಳು ಅಲ್ಲಿನ ಉಪಕರಣದ ದಾಖಲೆ ತೆಗೆದು ನೋಡಿದಳು. ಆ ಗುರುವಾರ ಬೆಳಿಗ್ಗೆ ಅವಳು ಪಾಳಿಗೆ ಬರುವ ಮೊದಲೇ ಒಂದು ಕಾರ್ಡ್ ಕೆಟ್ಟು, ಇನ್ನೊಂದು ಅಲಾರಂ ಮುಚ್ಚಿದ್ದ ಹಳೆಯ ಸೆಟ್ಟಿಂಗಿನಲ್ಲೇ ಕೆಲಸ ಹಿಡಿದಿತ್ತು. ಸ್ಕ್ರೀನಿಗೆ ಬಾರದಿದ್ದರೂ ಬಾಗಿಲು ತೆರೆದದ್ದು ದಾಖಲಾಗಿತ್ತು: ಮೂರಕ್ಕೆ. ಮೂರೂ ಹತ್ತಕ್ಕೆ. ಮೂರೂ ಮುಕ್ಕಾಲಿಗೆ. ಕೊನೆಯ ಸಲ, ಐದೂವರೆಗೆ.

ತಲೆ ಎತ್ತಿದರೆ ಅವನು ಎದುರಿಗೇ ನಿಂತಿದ್ದ. ಮದುವೆ ಗೊತ್ತಾಯಿತು ಎಂದ. ಹುಡುಗಿಗೆ ಅಪ್ಪ ಅಮ್ಮ ಇಲ್ಲ, ಆಗಲೇ ಅಕ್ಕನನ್ನು ಅಮ್ಮ ಎಂದು ಕರೆಯುತ್ತಾಳೆ ಎಂದ. ಹೇಳುವಾಗ ಅವಳ ಮುಖ ನೋಡಲಿಲ್ಲ.

ಒಂದೇ ಮಾತು ಆಡಿದರೆ ಅವನು ಎಲ್ಲ ಬಿಟ್ಟು ಬರುತ್ತಿದ್ದ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಹುಡುಗಿಯ ಗತಿ? ತನ್ನ ಮರೆವಿಗೆ ಅವಳೇಕೆ ದಂಡ ತೆರಬೇಕು?

“ಕಾರಣ ಕೇಳಲ್ಲ ಅಂದಿದ್ದೆ. ಆದ್ರೂ ಇದೊಂದು ಹೇಳಿ,” ಅವನ ದನಿ ಕುಗ್ಗಿತು. “ಅವತ್ತು ಅಲಾರಂ ಬಂದಿತ್ತಾ?”

ಅವಳು ಕುರ್ಚಿ ಸರಿಸಿ ಸ್ಕ್ರೀನಿಗೆ ಅಡ್ಡವಾಗಿ ಕೂತಳು.

“ಬಂದಿತ್ತು,” ಎಂದಳು. “ನಾಲ್ಕೂ ಸಲ ನೋಡಿದೆ.”

ಅವನು ತಲೆಯಾಡಿಸಿ, ಸ್ಟೇಷನ್ನಿನ ಬೀಗದ ಕೈ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದ. ಅವನ ಹೆಜ್ಜೆಯ ಸದ್ದು ಮರೆಯಾಗುವವರೆಗೂ ಹಿಡಿದಿಟ್ಟಿದ್ದ ಅಳು ಆಮೇಲೆ ಅವಳ ಮಾತು ಕೇಳಲಿಲ್ಲ.