ವಿವರಣೆ ಅಪೂರ್ಣ

ಅವನು ಮೊದಲ ಸಲ ನನ್ನ ಮೇಜಿನ ಮುಂದೆ ಬಂದು ನಿಂತಾಗ ಜಗಳಕ್ಕೇ ಬಂದಿದ್ದ.

"ನನ್ನ ಫೋಟೋಗಳನ್ನೆಲ್ಲ ವಾಪಸ್ ಕಳಿಸಿದ್ದು ನೀವೇನಾ?"

"ಯಾವ ಫೋಟೋ?"

"ಹುಳದ್ದು."

ನೆನಪಾಯಿತು. ಮರೆಯುವಂಥದ್ದಲ್ಲ. ಮೋರಿ, ಬಚ್ಚಲು, ಬಸ್ ನಿಲ್ದಾಣದ ಶೌಚಾಲಯ, ಅಲ್ಲೆಲ್ಲ ಹುಟ್ಟುವ ಸಣ್ಣ ನೊಣದ ನಾನೂರ ಹನ್ನೆರಡು ಫೋಟೋ. ತಿಂಡಿ ತಿಂದು ಬಂದ ಕೂಡಲೇ ತೆರೆದಿದ್ದೆ. ಮಧ್ಯಾಹ್ನ ಡಬ್ಬಿ ಮುಚ್ಚಳ ತೆಗೆಯಲಿಲ್ಲ.

"ಪ್ರತಿ ಫೋಟೋಗೂ ವಿವರಣೆ ಬರೀಬೇಕು. ಕಣ್ಣು ಕಾಣದವರು ಕಂಪ್ಯೂಟರ್ ಕೈಲಿ ಓದಿಸ್ಕೊಂಡು ಕೇಳ್ತಾರೆ. ಫಾರ್ಮ್‌ನಲ್ಲೇ ಇದೆ."

"ಬರೆದಿದ್ದೀನಲ್ಲ."

ಪರದೆಯನ್ನು ಅವನ ಕಡೆ ತಿರುಗಿಸಿದೆ. ನಾನೂರ ಹನ್ನೆರಡು ಸಾಲು. ಎಲ್ಲದರ ಎದುರಿಗೂ ಒಂದೇ ಮಾತು: ಹುಳ.

"ಹುಳಾನೇ ತಾನೇ ಅದು," ಅಂದ.

"ನಾನೂರ ಹನ್ನೆರಡೂ?"

ಸ್ವಲ್ಪ ಯೋಚಿಸಿದ. "ಇಲ್ಲ. ಕೆಲವು ಮೊಟ್ಟೆ."

ನಗು ಬಂತು, ನಗಲಿಲ್ಲ. ಅವನ ಅಂಗೈಯಿಂದ ಫಿನಾಯಿಲ್ ವಾಸನೆ ಬರುತ್ತಿತ್ತು. ಉಗುರುಗಳನ್ನು ಮಾತ್ರ ಆಪರೇಷನ್ ಮಾಡುವ ಡಾಕ್ಟರ ಹಾಗೆ ತಿದ್ದಿಕೊಂಡಿದ್ದ. ಹಾಸ್ಟೆಲಿನಲ್ಲಿ ಅವನನ್ನು 'ನೊಣ' ಅಂತ ಕರೆಯುತ್ತಾರೆ ಅಂತ ಆಮೇಲೆ ಗೊತ್ತಾಯಿತು.

ನಾನು ಕೂರುವುದು ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ. ರೆಪಾಸಿಟರಿ ವಿಭಾಗ. ಇಲ್ಲಿನವರು ಬರೆದದ್ದು, ಬಿಡಿಸಿದ್ದು, ಹಾಡಿದ್ದು ಎಲ್ಲವನ್ನೂ ಪಡೆದು, ಪಟ್ಟಿ ಮಾಡಿ, ಲೋಕದಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡುವಂತೆ ಇಂಟರ್ನೆಟ್ಟಿಗೆ ಹಾಕುವುದು ನನ್ನ ಕೆಲಸ. ಪಿಎಚ್‌ಡಿ ಪ್ರಬಂಧಗಳು, ಸಂಗೀತ ವಿಭಾಗದ ಹುಡುಗಿಯ ಕೊನೆಯ ಪರೀಕ್ಷೆಯ ಪಿಟೀಲು, ಸೇತುವೆಯ ನಕ್ಷೆಗಳು, ಮಣ್ಣಿನ ಅಂಕಿಅಂಶ, ಅಜ್ಜಿಯರ ಪಕ್ಕದಲ್ಲಿ ಕೂತು ರೆಕಾರ್ಡ್ ಮಾಡಿದ ಜೋಗುಳ, ನಿವೃತ್ತ ಕುಲಸಚಿವರ ಕವನಗಳು. ಆ ಕವನಗಳನ್ನು ಮೂರು ವರ್ಷದಲ್ಲಿ ಇಬ್ಬರು ತೆರೆದಿದ್ದಾರೆ. ಅದರಲ್ಲಿ ಒಬ್ಬಳು ನಾನು, ಕೆಲಸದ ಮೇಲೆ.

ಭಾಷಣಗಳಲ್ಲಿ ಇದನ್ನು ಜ್ಞಾನದ ಖಜಾನೆ ಅನ್ನುತ್ತಾರೆ. ಒಳಗೆ ಕೂತವಳಿಗೆ ಅರ್ಧಕ್ಕರ್ಧ ವಾಕರಿಕೆ. ಕದ್ದ ಅಧ್ಯಾಯಗಳು. ಹುಡುಗರ ಪ್ರಯೋಗದ ಮೇಲೆ ಕೂತ ಮೇಷ್ಟ್ರ ಹೆಸರುಗಳು. ಒಬ್ಬ ಮಹಾನುಭಾವ ಬೇರೆಯವನ ಕೃತಜ್ಞತೆಯ ಪುಟವನ್ನೇ ನಕಲು ಮಾಡಿ, ಸದಾ ಜೊತೆಗಿದ್ದ ಹೆಂಡತಿಗೆ ಪ್ರೀತಿಯ ಧನ್ಯವಾದ ಹೇಳಿದ್ದ. ಅವನಿಗೆ ಮದುವೆಯೇ ಆಗಿರಲಿಲ್ಲ. ಇಷ್ಟು ನೋಡಿದ ಮೇಲೆ ನೊಣದ ಫೋಟೋ ಏನು ಮಹಾ ಅಂತ ನೀವು ಕೇಳಬಹುದು. ಮಹಾ ಹೌದು. ಒಂದೊಂದರಲ್ಲೂ ಲೋಳೆ ಇತ್ತು.

"ಬರೆಯೋಕೆ ನನಗೆ ಬರಲ್ಲ. ಹೇಳಿಕೊಡ್ತೀರಾ?" ಅಂದ. ಜಗಳ ಅಷ್ಟು ಬೇಗ ಮುಗಿದುಹೋಯಿತು.

ದಿನಾ ಮೂರು ಗಂಟೆಗೆ ಬರತೊಡಗಿದ. ಕುರ್ಚಿ ಎಳೆದುಕೊಂಡು, ನನಗೂ ಅವನಿಗೂ ಮಧ್ಯೆ ಒಂದು ಮೊಳ ಜಾಗ ಬಿಟ್ಟು ಕೂರುತ್ತಿದ್ದ.

"ಇದೇನು?"

"ಮರಿಹುಳ. ಮೂರು ದಿನದ್ದು."

"ನನಗೆ ಕಣ್ಣಿಲ್ಲ ಅಂದ್ಕೊಳ್ಳಿ. ಹೇಳಿ."

"ನಿಮಗೆ ಕಣ್ಣಿಲ್ಲ ಅಂದ್ಕೊಳ್ಳೋದು ಕಷ್ಟ," ಅಂದ. ಅಂದವನೇ ಪೆನ್ನು ಕೆಳಗೆ ಬೀಳಿಸಿಕೊಂಡು, ಅದನ್ನು ಹುಡುಕುವ ನೆಪದಲ್ಲಿ ಬಹಳ ಹೊತ್ತು ಮೇಜಿನಡಿ ಇದ್ದ. ಮೇಲೆದ್ದಾಗ ಕಿವಿ ಕೆಂಪಾಗಿತ್ತು. "ಕೊಳವೆಯ ಬಾಯಿ. ಒಳಗೋಡೆಗೆ ಕಪ್ಪು ಲೋಳೆ. ಅದರ ಮೇಲೆ ಒಡೆದ ಹಾಲಿನ ಬಣ್ಣದ ಒಂದು ಗೆರೆ, ಅಕ್ಕಿಕಾಳಿಗಿಂತ ಸಣ್ಣದು. ಗೆರೆಯ ಒಂದು ತುದಿ ಮಾತ್ರ ಮೇಲಕ್ಕೆದ್ದಿದೆ. ಅದು ಬಾಲ. ಬಾಲದಿಂದ ಉಸಿರಾಡ್ತಾ ಇದೆ."

"ಥೂ."

"ತಲೆ ಲೋಳೆಯೊಳಗೆ ಇರುತ್ತಲ್ಲ. ತಿನ್ನೋದೂ ಆಗಬೇಕು, ಉಸಿರಾಡೋದೂ ಆಗಬೇಕು. ಪಾಪದ್ದು."

ಪಾಪದ್ದು ಅಂದ ದನಿ ಕೇಳಿ ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ. ನಾಲ್ಕು ವರ್ಷ ಶೌಚಾಲಯಗಳಲ್ಲಿ ಮೊಣಕಾಲೂರಿ ಕೂತವನು. ಜನ ಬೈದಿದ್ದಾರೆ, ಒಬ್ಬಳು ಚೊಂಬು ನೀರು ತಲೆಗೆ ಸುರಿದಿದ್ದಾಳೆ. ಒಂದು ಸಲವೂ ಮೂಗು ಮುಚ್ಚಿಕೊಂಡವನಲ್ಲ. "ಮೂಗು ಮುಚ್ಚಿದ್ರೆ ಒಂದು ಕೈ ಕಡಿಮೆ ಆಗುತ್ತೆ, ಕ್ಯಾಮೆರಾ ಅಲ್ಲಾಡುತ್ತೆ," ಅನ್ನುತ್ತಿದ್ದ.

ಒಂದು ಫೋಟೋ ಹೋಗಿ ಇನ್ನೊಂದು ಬರುವ ಮಧ್ಯೆ ಪರದೆ ಒಂದು ಕ್ಷಣ ಕಪ್ಪಾಗುತ್ತಿತ್ತು. ಆ ಕಪ್ಪಿನಲ್ಲಿ ಅವನ ಮುಖ ಕಾಣುತ್ತಿತ್ತು, ನನ್ನನ್ನೇ ನೋಡುತ್ತಿತ್ತು. ತಕ್ಷಣ ಆ ಜಾಗಕ್ಕೆ ಇನ್ನೊಂದು ಹುಳ. ನನ್ನ ಮಟ್ಟಿಗೆ ಪ್ರೇಮ ಅಂದರೆ ಇಷ್ಟೇ ಸುಂದರವಾಗಿತ್ತು.

ಮನೆಯಲ್ಲಿ ಅಕ್ಕ ಹಿಡಿದುಬಿಟ್ಟಳು. ನಾನು ಇರುವುದು ಅಕ್ಕ ಭಾವನ ಜೊತೆ, ಎರಡು ಕೋಣೆಯ ಮನೆ, ಯಾವುದೂ ಮುಚ್ಚಿಡುವಂತಿಲ್ಲ.

"ಏನು ಓದ್ತಾನಂತೆ?"

"ಬಚ್ಚಲ ನೊಣ."

ಭಾವ ತುತ್ತು ತಟ್ಟೆಗೆ ಇಳಿಸಿದರು.

"ಊಟದ ಹೊತ್ತಲ್ಲಿ ಆ ಸುದ್ದಿ ಯಾಕೆ ತೆಗೀತೀಯೇ?" ಅಕ್ಕ ಅಂದಳು.

"ನೀನು ಕೇಳಿದೆಯಲ್ಲ."

"ಇವತ್ತು ನಾನು ಕೇಳಿದೆ. ನಿನ್ನೆ ಯಾರು ಕೇಳಿದ್ರು? ಮೊನ್ನೆ ಯಾರು ಕೇಳಿದ್ರು?"

ಭಾವ ಮೆಲ್ಲಗೆ ಅಂದರು: "ಮದುವೆ ಮಾತಿಗೆ ಬಂದಾಗ ಹುಡುಗನ್ನ ಹಿತ್ತಲಲ್ಲಿ ಕೈತೊಳೆಸಿ ಕರ್ಕೊಂಡು ಬಾ ತಾಯಿ."

ಮುನ್ನೂರ ತೊಂಬತ್ತರ ಹತ್ತಿರ ಬಂದಿದ್ದೆವು. ಆವತ್ತು ಅವನ ಗೈಡ್ ನೆಲಮಾಳಿಗೆಗೆ ಇಳಿದು ಬಂದರು. ಇಸ್ತ್ರಿ ಅಂಗಿ, ಜೇಬಿನಲ್ಲಿ ಮಡಿಸಿದ ಕರವಸ್ತ್ರ.

"ಏನಮ್ಮ, ನಮ್ಮ ಕೆಲಸ ಮುಗೀತಾ?"

ನಮ್ಮ ಅಂದರು. ನಾನು ತೆರೆದಿದ್ದ ಫೋಟೋವನ್ನು ಅವರ ಕಡೆ ತಿರುಗಿಸಿದೆ. ಕರವಸ್ತ್ರ ಮೂಗಿಗೆ ಹೋಯಿತು. ಪರದೆಗೆ ವಾಸನೆ ಇರುವುದಿಲ್ಲ ಅಂತ ಅವರಿಗೆ ಯಾರೂ ಹೇಳಿರಲಿಲ್ಲವೇನೋ.

"ಛೀ ಛೀ, ಮುಚ್ಚಮ್ಮ ಅದನ್ನ," ಅಂದರು ಬಟ್ಟೆಯೊಳಗಿಂದ. "ಛಾಯಾಚಿತ್ರಗಳು ಅಂತ ಇದೆಯಲ್ಲ, ಅಲ್ಲಿ ಮೊದಲು ನನ್ನ ಹೆಸರು ಹಾಕು. ಇವನದು ಸಹಾಯ ಅಂತ ಕೆಳಗಿರಲಿ. ಏನಪ್ಪಾ?"

ಅವನು ನೆಲ ನೋಡುತ್ತಾ, "ಆಗಲಿ ಸರ್," ಅಂದ.

ಅವರು ಹೋದ ಮೇಲೆ ನಾನು ಎದ್ದು ಸೂರಿನ ಹತ್ತಿರದ ಸಣ್ಣ ಕಿಟಕಿ ತೆರೆದೆ. ಕೋಣೆಯಲ್ಲಿ ಅತ್ತರಿನ ವಾಸನೆ ಉಳಿದಿತ್ತು.

"ಅವರು ಒಂದು ಸಲವಾದ್ರೂ ಬಂದಿದ್ರಾ? ಯಾವುದಾದ್ರೂ ಒಂದು ಮೋರಿಗೆ?"

"ಇಲ್ಲ."

"ಮತ್ತೆ?"

"ಮುಂದಿನ ತಿಂಗಳು ವೈವಾ. ಅವರ ಸಹಿ ಇಲ್ದೆ ಆಗಲ್ಲ ರೀ. ನಾಲ್ಕು ವರ್ಷ."

"ನಿಮಗೆ ಅಸಹ್ಯ ಅನ್ನೋದೇ ಆಗಲ್ವಾ? ಲೋಳೆ ಕಂಡ್ರೂ ಇಲ್ಲ, ಇದು ಕಂಡ್ರೂ ಇಲ್ಲ?"

"ಅಭ್ಯಾಸ ಆಗಿದೆ."

"ನನಗೆ ಆಗಿಲ್ಲ. ಹೆಸರು ಹಾಗೇ ಹಾಕ್ತೀನಿ, ಅದು ನನ್ನ ಕೆಲಸ. ಆದ್ರೆ ನಾಳೆಯಿಂದ ಮೂರು ಗಂಟೆಗೆ ಬರಬೇಡಿ. ಉಳಿದದ್ದು ನೀವೇ ಬರೀರಿ, ಈಗ ಬರುತ್ತಲ್ಲ."

ಹೋದ. ಕುರ್ಚಿಯನ್ನು ಎಲ್ಲಿಂದ ಎಳೆದಿದ್ದನೋ ಅಲ್ಲೇ ಇಟ್ಟು ಹೋದ. ಅದೂ ನನಗೆ ಸಿಟ್ಟು ತರಿಸಿತು. ಬಾಗಿಲಾದರೂ ಬಡಿಯಬಾರದಿತ್ತೇ?

ಐದನೇ ದಿನ ಅವನ ಫಾರ್ಮ್ ಬಂತು. ನಾನೂರ ಹನ್ನೆರಡು ವಿವರಣೆಯೂ ತುಂಬಿದ್ದವು. ಛಾಯಾಚಿತ್ರಗಳು ಅನ್ನುವಲ್ಲಿ ಅವನೊಬ್ಬನ ಹೆಸರು. ಗೈಡ್ ಹೆಸರು ಎಲ್ಲಿರಬೇಕೋ ಅಲ್ಲಿ, ಮಾರ್ಗದರ್ಶಕ ಅನ್ನುವ ಸಾಲಿನಲ್ಲಿತ್ತು. ಫೋಟೋಗಳಿಗೆ ತೆಗೆದವನ ಘೋಷಣೆ ಸಾಕು, ಗೈಡ್ ಸಹಿ ಬೇಕಿಲ್ಲ, ನಿಯಮ ಹಾಗಿದೆ. ಆ ನಿಯಮ ಓದಿದವನು ಇವನೊಬ್ಬನೇ. ನನ್ನ ಎದೆ ಒಂದು ಮೆಟ್ಟಿಲು ತಪ್ಪಿದ ಹಾಗಾಯಿತು.

ಫಾರ್ಮಿನ ಒಂದು ಪ್ರತಿ ತಾನಾಗಿ ಗೈಡ್‌ಗೂ ಹೋಗುತ್ತದೆ. ಅರ್ಧ ಗಂಟೆಯೊಳಗೆ ವಿಭಾಗದ ಮುಖ್ಯಸ್ಥೆ ಕರೆದರು. ನಾವು ಅವರನ್ನು ದೊಡ್ಡ ಮೇಡಮ್ ಅನ್ನುತ್ತೇವೆ.

"ಆ ನೊಣದ ಫೈಲ್ ವಾಪಸ್ ಕಳಿಸಿಬಿಡು."

"ಯಾಕೆ ಮೇಡಮ್? ಎಲ್ಲ ಸರಿ ಇದೆ."

"ಗೈಡ್ ಫೋನ್ ಮಾಡಿದ್ರು. ಹೆಸರು ತಿದ್ದಿಸ್ಕೊಂಡು ಬರ್ತಾರಂತೆ. ಕಾರಣ ಏನಾದ್ರೂ ಹಾಕು. ಚಿತ್ರ ವಿವರಣೆ ಅಪೂರ್ಣ ಅಂತ ಹಾಕು." ಕನ್ನಡಕದ ಮೇಲಿಂದ ನೋಡಿದರು. "ನಿನ್ನ ಕಾಂಟ್ರಾಕ್ಟ್ ಈ ತಿಂಗಳೇ ಅಲ್ವಾ ರಿನ್ಯೂ ಆಗೋದು?"

ಇಲ್ಲಿ ನಾನು ಏನಾದರೂ ದೊಡ್ಡ ಮಾತು ಹೇಳಿದೆ ಅಂತ ಬರೆಯಲು ಆಸೆ ಇದೆ. ಹೇಳಲಿಲ್ಲ. ಅವನಿಗೆ ಅಷ್ಟೆಲ್ಲ ಉಪದೇಶ ಮಾಡಿದವಳು ಕೆಳಗೆ ಬಂದು, ಕೂತು, ಟೈಪ್ ಮಾಡಿದೆ. ವಿವರಣೆ ಅಪೂರ್ಣ. ಗುಂಡಿ ಒತ್ತಿದೆ. ಆಮೇಲೆ ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದೆ, ಮತ್ತೆ ತೊಳೆದೆ. ನೀರು ಹೋಗುವ ಜಾಲರಿಯ ಮೇಲೆ ಸಣ್ಣ ಬೂದು ನೊಣವೊಂದು ಕೂತಿತ್ತು. ನನಗಿಂತ ಚೊಕ್ಕಟವಾಗಿತ್ತು.

ಮರುದಿನ ಮೂರು ಗಂಟೆಗೆ ಸರಿಯಾಗಿ ಬಂದ. ಕೈಯಲ್ಲಿ ಪ್ರಿಂಟ್ ತೆಗೆದ ಹಾಳೆಗಳ ಕಟ್ಟು. ಜಗಳಕ್ಕೆ ಬಂದಿರಬೇಕು ಅಂದುಕೊಂಡೆ. ಹಾಗಾದರೂ ಚೆನ್ನಾಗಿತ್ತು.

"ನೀವು ಬರಬೇಡಿ ಅಂದಿದ್ರಿ, ಕ್ಷಮಿಸಿ. ಯಾವುದು ಅಪೂರ್ಣ ಅಂತ ತಿಳೀಲಿಲ್ಲ, ಬೆಳಿಗ್ಗೆಯಿಂದ ಎಲ್ಲ ಇನ್ನೊಂದು ಸಲ ಓದಿದೆ." ಹಾಳೆ ಹರಡಿದ. ಅಲ್ಲಲ್ಲಿ ಪೆನ್ಸಿಲ್ ಗುರುತು. "ನೀವು ಹೇಳಿದ್ದು ಸರಿ. ಹನ್ನೊಂದು ತಪ್ಪು ಸಿಕ್ತು. ಇಲ್ಲಿ ನೋಡಿ, ಬೂದು ಅಂತ ಬರೆದಿದ್ದೀನಿ, ಎಂಥ ಬೂದು ಅಂತ ಹೇಳಿಲ್ಲ. ಕಣ್ಣಿಲ್ಲದವರಿಗೆ ಹೇಗೆ ಗೊತ್ತಾಗಬೇಕು?"

ನನ್ನನ್ನು ನಂಬಿದ್ದ. ಇಷ್ಟು ಕಟ್ಟುನಿಟ್ಟಿನವಳು ಸುಮ್ಮನೆ ಕಳಿಸಿರಲಾರಳು ಅಂತ, ಬೆಳಿಗ್ಗೆಯಿಂದ ಕೂತು ತನ್ನಲ್ಲೇ ತಪ್ಪು ಹುಡುಕಿದ್ದ.

"ಯಾವುದೂ ಅಪೂರ್ಣ ಅಲ್ಲ," ಅಂದೆ. "ಸುಳ್ಳು ಬರೆದೆ. ನಿಮ್ಮ ಗೈಡ್ ಫೋನ್ ಮಾಡಿದ್ರು, ಮೇಡಮ್ ಹೇಳಿದ್ರು, ನನ್ನ ಕಾಂಟ್ರಾಕ್ಟ್ ಇತ್ತು. ಬರೆದುಬಿಟ್ಟೆ."

ಅವನು ಹಾಳೆಗಳನ್ನು ನೋಡಿದ. ನನ್ನನ್ನು ನೋಡಿದ. ಈ ಸಲ ಪರದೆಯಲ್ಲಿ ಅಲ್ಲ.

"ನನಗೆ ಅಸಹ್ಯ ಆಗ್ತಿದೆ," ಅಂದ. ಬಹಳ ನಿಧಾನವಾಗಿ ಅಂದ. ಅವನಿಗೇ ಅದು ಹೊಸದಿರಬೇಕು.

"ನನಗೂ. ಬಾಗಿಲು ಅಲ್ಲಿದೆ, ಹೋಗಿ. ನಿಮ್ಮ ಮೇಲೆ ಮನಸ್ಸಿತ್ತು, ಅದನ್ನೂ ಈಗಲೇ ಹೇಳಿಬಿಡ್ತೀನಿ. ಇನ್ನು ಹೇಳೋಕೆ ನನಗೆ ಮುಖ ಇರಲ್ಲ."

ಅವನು ಬಾಗಿಲ ಕಡೆ ನೋಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತ.

"ಹೋಗಲ್ಲ," ಅಂದ. "ಅಸಹ್ಯ ಆಗೋ ಕಡೆ ಕೂತು ಕೆಲಸ ಮಾಡೋದೊಂದೇ ನಾನು ಕಲಿತಿರೋದು. ಫೈಲ್ ತೆಗಿ."

ತೆಗಿ ಅಂದ. ತೆಗೆಯಿರಿ ಅನ್ನಲಿಲ್ಲ.

ಫೈಲ್ ತೆರೆದೆ. ಹನ್ನೊಂದು ತಪ್ಪನ್ನೂ ತಿದ್ದಿದೆವು, ಅವನು ಹೇಳಿದ, ನಾನು ಬರೆದೆ. ಒಂದು ಗಂಟೆ ಹಿಡಿಯಿತು. ಪ್ರಕಟಿಸು ಅನ್ನುವ ಗುಂಡಿಯ ಮೇಲೆ ಬಾಣ ತಂದು ನಿಲ್ಲಿಸಿದೆ.

"ಇದನ್ನ ಒತ್ತಿದ್ರೆ ಶಾಶ್ವತ ನಂಬರ್ ಬೀಳುತ್ತೆ, ಮೇಡಮ್‌ಗೂ ತಕ್ಷಣ ಮೇಲ್ ಹೋಗುತ್ತೆ," ಅಂದೆ. "ಆಮೇಲೆ ಯಾರಿಗೂ ಪೂರ್ತಿ ಅಳಿಸೋಕಾಗಲ್ಲ. ಮುಚ್ಚಿಟ್ರೂ, ಇಲ್ಲಿ ಇಂಥವನ ಫೋಟೋ ಇತ್ತು ಅಂತ ಒಂದು ಪುಟ ಉಳಿಯುತ್ತೆ. ನಿನ್ನ ವೈವಾ ಹೋಗಬಹುದು."

"ನಿನ್ನ ಕೆಲಸಾನೂ."

"ಹೋಗಬಹುದು."

"ಭಯ ಇದೆಯಾ?"

"ಇದೆ."

"ನನಗೂ ಇದೆ. ಒತ್ತು."

ಒತ್ತಿದೆ. ಹತ್ತಂಕಿಯ ಒಂದು ನಂಬರ್ ಬಂತು, ಅದರ ಮುಂದೆ ಅವನ ಹೆಸರು. ಯಾವ ಸಂಭ್ರಮವೂ ಆಗಲಿಲ್ಲ. ಎಷ್ಟೋ ದಿನದ ಮೇಲೆ ನನಗೆ ಹಸಿವಾಯಿತು, ಅಷ್ಟೇ.

ಮೆಟ್ಟಿಲ ಮೇಲೆ ದೊಡ್ಡ ಮೇಡಮ್ ಚಪ್ಪಲಿ ಸದ್ದು ಕೇಳಿಸಿತು. ಬೇಗ ಬೇಗ ಇಳಿಯುತ್ತಿದ್ದರು. ಅವನು ಎದ್ದು ನಿಲ್ಲುತ್ತಾನೆ ಅಂದುಕೊಂಡೆ. ಮಧ್ಯದ ಒಂದು ಮೊಳ ಜಾಗ ದಾಟಿಸಿ ಕುರ್ಚಿಯನ್ನು ನನ್ನ ಪಕ್ಕಕ್ಕೆ ತಂದು ಹಾಕಿಕೊಂಡ.